ದಾನಿಯೇಲಪ್ಪನ ಎರಡೂವರೆ ಸುತ್ತು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಮ್ಮ ಮನೆಯ ನಲ್ಲಿಯಲ್ಲಿ ಆರು ತಿಂಗಳು ಬರೀ ಗಾಳಿ ಬರಲಿ. ಬೇಕಾದರೆ ಅದರಲ್ಲಿ ಬೇಸಿಗೆಯನ್ನೂ ಸೇರಿಸಿಕೊಳ್ಳಿ.

ಬೆಳಗಿನ ಐದು ಗಂಟೆ. ಹುನಗುಂದದ ಒಂದು ಏರು ಓಣಿಯ ಬುಡದಲ್ಲಿ, ನೀರು ಬಿಡುವ ದುರ್ಗಪ್ಪ ವಾಲ್ವಿನ ಗುಂಡಿಗೆ ಎದೆಯುದ್ದದ ಕಬ್ಬಿಣದ ಚಾವಿ ಇಳಿಸಿ ಏಳು ಸುತ್ತು ತಿರುವುತ್ತಾನೆ. ವಾಲ್ವ್ ಪೂರ್ತಿ ತೆರೆಯಿತು. ಚಾವಿಯನ್ನು ಅಲ್ಲೇ ಬಿಟ್ಟು ನನ್ನ ಪಕ್ಕ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಾನೆ.

“ಈಗ ನೋಡ್ರಿ.”

ಚಾವಿ ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ. ಅವಸರವೇನಿಲ್ಲ. ನಾಲ್ಕೂವರೆ ಸುತ್ತು ಹೋಗಿ ನಿಲ್ಲುತ್ತದೆ. ಗುಂಡಿಯ ಅಂಚಿನ ಒಣ ಮಣ್ಣಿನಲ್ಲಿ ಒಂದು ಮೊಣಕಾಲಿನ ಗುರುತು ಒದ್ದೆಯಾಗಿ ಮೂಡುತ್ತದೆ. ಹೆಜ್ಜೆ ಇಲ್ಲ, ಬರೀ ಮೊಣಕಾಲು.

“ಜೂನದಿಂದ ಇದ ನಡದೈತ್ರಿ. ನನ್ನ ನೌಕರಿ ನನಗ ಮಾಡಾಕ ಬಿಡವಲ್ರು.”

ಬಿಡದವರು ದಾನಿಯೇಲಪ್ಪ. ಮೂವತ್ತೊಂದು ವರ್ಷ ಇದೇ ಗುಂಡಿಯ ಪಕ್ಕ ಎಡಮೊಣಕಾಲೂರಿ ಇನ್ನೂರ ಹದಿನಾಲ್ಕು ಮನೆಗೆ ನೀರು ಬಿಟ್ಟವರು. ಕಳೆದ ಜೂನ್‌ನಲ್ಲಿ ತೀರಿಕೊಂಡರು. ಮಣ್ಣಿಗೆ ನಾನೇ ಹೋಗಿದ್ದೆ, ಅದರಲ್ಲಿ ಅನುಮಾನವಿಲ್ಲ.

ವಾಲ್ವ್ ಪೂರ್ತಿ ತೆರೆದರೆ ಕೆಳಗಿನ ಮನೆಗಳೇ ನೀರೆಲ್ಲ ಎಳೆದುಕೊಳ್ಳುತ್ತವೆ. ಏರಿನ ತುದಿಯ ಗುಲಾಬಬಿಯ ನಲ್ಲಿ ಬುಸ್ ಅನ್ನುತ್ತದೆ, ಅಷ್ಟೆ. ಅದಕ್ಕೇ ದಾನಿಯೇಲಪ್ಪ ಮೊದಲು ಎರಡೂವರೆ ಸುತ್ತು ಮಾತ್ರ ಬಿಡುತ್ತಿದ್ದರು. ಹದಿನೈದು ನಿಮಿಷದಲ್ಲಿ ಮುದುಕಿಯ ಎರಡು ಕೊಡ ತುಂಬಿದ ಮೇಲೆ ಪೂರ್ತಿ. ಆ ಹದಿನೈದು ನಿಮಿಷ ಕೆಳಗಿನವರು ಅವರ ಜನ್ಮ ಜಾಲಾಡುತ್ತಿದ್ದರು. ಅವರು ನಕ್ಕು, “ಬೈರಿ, ಬೈಯೂದ್ರಾಗ ಟೈಮ್ ಹೋಗ್ತೈತಿ,” ಅನ್ನುತ್ತಿದ್ದರು. ದುರ್ಗಪ್ಪನಿಗೆ ಬೈಸಿಕೊಂಡು ಅಷ್ಟು ಅಭ್ಯಾಸವಿಲ್ಲ, ಮೊದಲೇ ಪೂರ್ತಿ ತೆರೆದುಬಿಡುತ್ತಾನೆ.

ಗುಲಾಬಬಿಗೆ ಎಂಬತ್ತರ ಹತ್ತಿರ. ಸತ್ತವರು ಬಿಟ್ಟ ನೀರು ಕುಡಿಯಲು ಹೆದರಿಕೆ ಆಗುವುದಿಲ್ಲವೇ ಎಂದರೆ ನನ್ನನ್ನೇ ಕೆಕ್ಕರಿಸಿ ನೋಡುತ್ತಾಳೆ.

“ಬದುಕಿದ್ದವರ ಕೈಲೆ ಬರವಲ್ದಲ್ಲಪಾ, ಮತ್ತೇನ ಮಾಡ್ಲಿ?”

ಭಾನುವಾರದ ಲೆಕ್ಕ ಬೇರೆ. ಆ ದಿನ ದಾನಿಯೇಲಪ್ಪ ನಾಲ್ಕಕ್ಕೇ ನೀರು ಬಿಟ್ಟು, ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳನ್ನು ಒಂದೇ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆರಾಧನೆಗೆ ಹೋಗುತ್ತಿದ್ದರು. ಬೈಬಲ್ಲಿನ ಚೀಲ ಹ್ಯಾಂಡಲ್ಲಿಗೆ. ನಾನು ಎಣಿಸಿದ್ದೇನೆ, ಐದೂ ಜನ. ಈಗಲೂ ಭಾನುವಾರ ನಾಲ್ಕಕ್ಕೇ ನೀರು ಬರುತ್ತದೆ. ಆಗ ದುರ್ಗಪ್ಪ ತನ್ನ ಮನೆಯಲ್ಲಿ ಮಲಗಿರುತ್ತಾನೆ, ಚಾವಿ ಅವನ ಮಂಚದ ಕೆಳಗಿರುತ್ತದೆ.

ಓಣಿಗೆ ಇದರಿಂದ ಅನುಕೂಲವೇ. ಸಂಕಟ ಇರುವುದು ದಾನಿಯೇಲಪ್ಪನ ಹೆಂಡತಿ ಮಾರ್ಥವ್ವನಿಗೆ. ಅವಳು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಳೆ.

“ಮದಿವ್ಯಾದ ಮರುದಿನಾನೂ ನೀರ ಬಿಡಾಕ ಹೋದ ಮನಷ್ಯಾರೀ. ರಿಟೈರ್ ಆದ ಮ್ಯಾಲ ಕುಂದರ್ತೇನಿ ಅಂದ್ರು, ಕುಂದರಲಿಲ್ಲ. ಈಗ ಕರ್ತನ ಹತ್ರ ಹೋದ ಮ್ಯಾಲೂ ಡ್ಯೂಟಿ ಏನ್ರಿ? ದಿನಾ ಪ್ರಾರ್ಥನಿ ಮಾಡ್ತೇನಿ, ಅವರಿಗೆ ವಿಶ್ರಾಂತಿ ಕೊಡಪಾ ಅಂತ. ಆದ್ರ ಆ ಮುದಿಕಿಗೆ ನೀರ ಹತ್ತೂತನಕ ಅವರ ಕೈ ಕಟ್ಟಿಹಾಕವರ ಯಾರು?” ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆಯುತ್ತಾಳೆ. “ನೀವ ದುರ್ಗಪ್ಪಗ ಒಂದ ಮಾತ ಹೇಳ್ರಿ. ಯಾರರೆ ಬದುಕಿದ್ದವರು ಎರಡೂವರಿ ಸುತ್ತಿಗೆ ನಿಲ್ಲಿಸಿದ್ರ, ಅವರು ಬರೂದಿಲ್ಲ.”

ಮರುದಿನ ಐದಕ್ಕೆ ನಾನು ಮತ್ತೆ ಕಟ್ಟೆಯ ಮೇಲೆ. ದುರ್ಗಪ್ಪ ಏಳು ಸುತ್ತು ತಿರುವಿ ಬಂದು ಕೂರುತ್ತಾನೆ. ಕೆಳಗಿನ ಮನೆಗಳ ಕೊಡಗಳಲ್ಲಿ ನೀರು ಧೋ ಅನ್ನುತ್ತಿದೆ. ನಾನು ಮಾರ್ಥವ್ವನ ಮಾತು ತೆಗೆಯುತ್ತೇನೆ.

“ದುರ್ಗಪ್ಪ, ಆ ಹೆಣ್ಮಗಳು ಏನಂದ್ಲಂದ್ರ, ಮೂವತ್ತೊಂದ ವರ್ಷ ದುಡದ ಜೀವ ಅದು, ನೀ ಒಬ್ಬಾವ ಹದಿನೈದ ನಿಮಿಷ ಬೈಸ್ಕೊಂಡ್ರ ಅವರು ಆರಾಮ—”

ದುರ್ಗಪ್ಪ ಎದ್ದುಬಿಟ್ಟಿದ್ದಾನೆ. ಚಾವಿ ಆಗಲೇ ಅಲುಗತೊಡಗಿದೆ. ಅವನು ಓಡಿಹೋಗಿ ಅದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಯಾರೂ ಇಲ್ಲದ ಗುಂಡಿಯ ಕಡೆ ಬಗ್ಗಿ ಹೇಳುತ್ತಾನೆ:

“ಬಿಡ್ರಿ ಅಣ್ಣಾರ. ನಾ ತಿರುವ್ತೇನಿ.”