ಹೊಂಗೆ ಎಣ್ಣೆಗೂ ಮೊದಲು

ಕೆಸರು ಹುಣ್ಣಿಗೆ ಅವ್ವ ಹೇಳಿದ ಮದ್ದುಗಳೆಲ್ಲ ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪುಟದಲ್ಲಿವೆ. ಲಕ್ಕಿ ಸೊಪ್ಪು ಕುದಿಸಿದ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುವುದು. ಗೋರಂಟಿ ಅರೆದು ಬೆರಳ ಸಂದಿಗೆ ತುಂಬುವುದು. ಬೇವಿನ ಚಕ್ಕೆಯ ಕಷಾಯದಲ್ಲಿ ತೊಳೆಯುವುದು. ಹೊಂಗೆ ಎಣ್ಣೆಗೆ ಅರಿಶಿನ ಕಲಸಿ ಹಚ್ಚುವುದು. ಬೆಳ್ಳುಳ್ಳಿ ಜಜ್ಜಿ ಕಟ್ಟುವುದು. ಇದರ ಮುಂದೆ ‘ಉರಿಯುತ್ತದೆ’ ಎಂದು ಬರೆದಿದ್ದೇನೆ. ಯಾರಿಗೆ ಉರಿಯಿತು ಎಂದು ಬರೆದಿಲ್ಲ.

ಉರಿದದ್ದು ನನ್ನ ಅತ್ತಿಗೆಗೆ.

ನಮ್ಮದು ಕೃಷ್ಣರಾಜನಗರದ ಹತ್ತಿರ ನಾಲೆ ನೀರಿನ ಗದ್ದೆ. ಅತ್ತಿಗೆ ಕಂಪಲಾಪುರದ ಕಡೆಯವಳು. ಅಲ್ಲಿ ಹೊಗೆಸೊಪ್ಪು, ಒಣ ನೆಲ. ಮದುವೆಯಾಗಿ ಬಂದ ಮೊದಲ ನಾಟಿಗೇ ಅವಳ ಕಾಲ್ಬೆರಳ ಸಂದಿ ಬೆಂದ ಹಾಗೆ ಬೆಳ್ಳಗಾಗಿ, ಸುಲಿದು, ನಾರತೊಡಗಿತು. ನಾಟಿಗೆ ಬರುವ ಹೆಂಗಸರಿಗೆಲ್ಲ ಇದು ಆಗುತ್ತದೆ, ಅವ್ವನ ಮದ್ದಿಗೆ ವಾರದಲ್ಲಿ ಒಣಗುತ್ತದೆ. ಅತ್ತಿಗೆಯದು ಒಣಗಲಿಲ್ಲ.

“ಗೊರಸು ನೋಡ್ದೆ ದನ ತಂದಂಗಾಯ್ತು ಕಣ್ಲಾ,” ಎಂದು ಅವ್ವ ಅಣ್ಣನಿಗೆ ಹೇಳುತ್ತಿದ್ದಳು, ಅತ್ತಿಗೆಗೆ ಕೇಳಿಸುವಂತೆ. “ಹೊಗೆಸೊಪ್ಪಿನ ಸೀಮೆ ಕಾಲು. ನೀರೇ ಕಂಡಿಲ್ಲ.”

ಕಾರಣ ಎಲ್ಲರ ಕಣ್ಣ ಮುಂದೆಯೇ ಇತ್ತು. ಗದ್ದೆಯ ಕೆಸರು ಕಾಲುಂಗುರವನ್ನು ಎಳೆದುಕೊಂಡುಬಿಡುತ್ತದೆ. ಹಾಗೆ ಕಳೆದುಹೋದರೆ ಗಂಡನಿಗೆ ಕೇಡು ಎಂದು ಅವ್ವ ನಂಬಿದ್ದಳು. ಅದಕ್ಕೇ ನಾಟಿಗೆ ಮೊದಲು ಅತ್ತಿಗೆಯನ್ನು ಪೇಟೆಗೆ ಕರೆದೊಯ್ದು, ಮೂರು ಸುತ್ತಿನ ಬೆಳ್ಳಿ ಉಂಗುರಗಳನ್ನು ಅಕ್ಕಸಾಲಿಯ ಕೈಯಲ್ಲಿ ಬೆರಳಿಗೆ ಒತ್ತಿಸಿ ಬಿಗಿ ಮಾಡಿಸಿದ್ದಳು. ಹುಣ್ಣು ಉಂಗುರದ ಅಡಿಯಲ್ಲಿತ್ತು. ಮದ್ದೆಲ್ಲ ಉಂಗುರದ ಮೇಲೆ ಬೀಳುತ್ತಿತ್ತು.

ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಂದವಳು. ಶಿಲೀಂಧ್ರ ಬೆಳೆಯಲು ತೇವ ಮತ್ತು ಬಿಸುಪು ಸಾಕು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು. ಉಂಗುರ ತೆಗೆಸು ಎಂದು ಅವ್ವನಿಗೆ ಒಮ್ಮೆ ಹೇಳಿದೆನೋ, ಹೇಳಬೇಕೆಂದುಕೊಂಡು ಸುಮ್ಮನಾದೆನೋ, ಖಚಿತವಿಲ್ಲ. ಅವ್ವನ ಉತ್ತರ ಮಾತ್ರ ನೆನಪಿದೆ. ಉತ್ತರ ಇದೆಯೆಂದರೆ ಹೇಳಿರಬೇಕು.

“ನಂಗೂ ಇಂಗೇ ಇತ್ತು. ನಿಮ್ಮಪ್ಪ ಸತ್ತು ಉಂಗ್ರ ತೆಗದ್ ಮೇಲೆ ತಿಂಗ್ಳಿಗೇ ವಾಸಿ ಆಯ್ತು. ನನ್ ಮಗ ಬದ್ಕಿರೋಗಂಟ ಇವಳ ಕಾಲು ಅಂಗೆ ವಾಸಿ ಆಗಾದ್ ಬ್ಯಾಡ.”

ಆಗ ನಾನು ಪೇಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ವಿಚಾರಗೋಷ್ಠಿಗೆಂದು ಮನೆಮದ್ದಿನ ಬಗ್ಗೆ ಪ್ರಬಂಧ ಸಿದ್ಧಪಡಿಸುತ್ತಿದ್ದೆ. ಅವ್ವ ಅತ್ತಿಗೆಯ ಕಾಲಿಗೆ ಬೆಳ್ಳುಳ್ಳಿ ಕಟ್ಟುವಾಗ ನಾನು ಎದುರಿಗೆ ಮಣೆ ಹಾಕಿಕೊಂಡು ಕೂತು ಬರೆದುಕೊಳ್ಳುತ್ತಿದ್ದೆ. ಅತ್ತಿಗೆ ಹಲ್ಲು ಕಚ್ಚಿಕೊಂಡು, “ಇದ್ನೂ ಬರ್ಕಂಡ್ಯೇನವ್ವ?” ಎಂದು ಕೇಳುತ್ತಿದ್ದಳು. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ.

ನಾಟಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬಚ್ಚಲ ಬಾಗಿಲು ತಳ್ಳಿದೆ. ಅತ್ತಿಗೆ ಬೆರಳಿಗೆ ಹರಳೆಣ್ಣೆ ಬಳಿದು, ದಾರ ಸುತ್ತಿ, ಉಂಗುರವನ್ನು ಇಷ್ಟಿಷ್ಟೇ ಹೊರಗೆ ಜಾರಿಸುತ್ತಿದ್ದಳು. ಒಂದು ಆಗಲೇ ಬಂದಿತ್ತು.

“ಎಂಟೇ ದಿನ ಕಣವ್ವ,” ಎಂದಳು. “ವಸಿ ಗಾಳಿ ಆಡ್ಲಿ. ಅತ್ತೆಗೆ ಏಳ್ಬ್ಯಾಡ, ನಿನ್ ಕಾಲಿಗ್ ಬೀಳ್ತೀನಿ.”

ಹೇಳುವುದಿಲ್ಲ ಎಂದೆ. ಅವಳು ಉಂಗುರಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬೆರಳುಗಳಿಗೆ ಬಟ್ಟೆ ಸುತ್ತಿ, ಮದ್ದು ತಾನೇ ಕಟ್ಟಿಕೊಂಡೆ ಎಂದು ಅವ್ವನಿಗೆ ಹೇಳಿದಳು. ಬಚ್ಚಲಿನಲ್ಲಿ ಬಟ್ಟೆ ಬಿಚ್ಚಿ ನನಗೆ ತೋರಿಸುತ್ತಿದ್ದಳು. ಐದನೆಯ ದಿನಕ್ಕೆ ವಾಸನೆ ಹೋಗಿತ್ತು. ಹಸಿಯಿದ್ದ ಜಾಗದಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹೊಸ ಚರ್ಮ ಬಂದಿತ್ತು.

ಆರನೆಯ ದಿನ ಕಳೆ ಕೀಳುವ ಹೆಂಗಸರು ನಮ್ಮ ಜಗಲಿಯಲ್ಲಿ ಊಟಕ್ಕೆ ಕೂತಿದ್ದರು. ನಾನು ಮುದ್ದೆ ತಂದಿಟ್ಟೆ. ಅವರಲ್ಲೊಬ್ಬಳು ನನ್ನ ಕಾಲು ನೋಡಿ, “ಓದ್ದೋರ್ ಕಾಲು ನೋಡ್ರಮ್ಮಿ, ಬೆಣ್ಣೆ ಇದ್ದಂಗದೆ! ಹುಣ್ಣೂ ಇಲ್ಲ, ಉಂಗ್ರಾನೂ ಇಲ್ಲ,” ಎಂದಳು. ನನ್ನನ್ನು ನೋಡಿ ಹೋದ ಎರಡು ಗಂಡುಗಳು ಒಲ್ಲೆ ಎಂದಿದ್ದು ಊರಿಗೇ ಗೊತ್ತಿತ್ತು. ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು.

ಆ ಸಂಜೆ ಅವ್ವನಿಗೆ ಹೇಳಿದೆ.

ಇಷ್ಟನ್ನು ಬರೆಯಲು ನನಗೆ ಬಹಳ ವರ್ಷ ಹಿಡಿಯಿತು. ಅವ್ವನೇ ಅನುಮಾನಪಟ್ಟು ಬಟ್ಟೆ ಬಿಚ್ಚಿ ನೋಡಿದಳು ಎಂದೇ ನಾನು ನೆನಪಿಟ್ಟುಕೊಂಡಿದ್ದೆ. ಆದರೆ ಅದೇ ನೆನಪಿನಲ್ಲಿ, ಬಟ್ಟೆ ಬಿಚ್ಚುವ ಮೊದಲು, ಅವ್ವ ನೇರವಾಗಿ ಅತ್ತಿಗೆಯ ಸೆರಗಿನ ಗಂಟಿಗೆ ಕೈ ಹಾಕುತ್ತಾಳೆ. ಉಂಗುರ ಅಲ್ಲಿರುವುದು ನನಗೊಬ್ಬಳಿಗೇ ಗೊತ್ತಿತ್ತು.

“ನನ್ ಮಗನ್ನ ಸಾಯಿಸ್ಬೇಕು ಅಂತ ಮಾಡ್ಕಂಡಿದ್ಯೇನೇ?” ಎಂದು ಅವ್ವ ಕೂಗಿದಳು.

ಟಿ.ವಿ. ಮುಂದೆ ಕೂತಿದ್ದ ಅಣ್ಣ ಇತ್ತ ತಿರುಗಿದ. “ನಾನಿನ್ನೂ ಸತ್ತಿಲ್ಲ, ಬುಡವ್ವ,” ಎಂದು ನಕ್ಕ. ಆಮೇಲೆ ಟಿ.ವಿ.ಯ ಸದ್ದು ಜೋರು ಮಾಡಿದ.

“ಇನ್ನೆರಡೇ ದಿನ ಅತ್ತೆ, ನೋಡಿ, ಒಣಗ್ತಾ ಅದೆ,” ಎಂದು ಅತ್ತಿಗೆ ಕಾಲು ಮುಂದೆ ಮಾಡಿ ತೋರಿಸಿದಳು. ಹಾಗೆ ಮುಂದೆ ಮಾಡಿದ್ದೇ ಅನುಕೂಲವಾಯಿತು. ಅವ್ವ ಹರಳೆಣ್ಣೆ ಸುರಿದು ಉಂಗುರವನ್ನು ತಿರುಗಿಸುತ್ತ ತಿರುಗಿಸುತ್ತ ಒಳಗೆ ಒತ್ತಿದಳು. ಹೊಸ ಚರ್ಮ ಉಂಗುರದ ಮುಂದೆ ಮಡಿಕೆಯಾಗಿ ಸರಿದು ಕಿತ್ತುಬಂತು. ಅತ್ತಿಗೆ ಸೆರಗನ್ನು ಬಾಯಿಗೆ ತುಂಬಿಕೊಂಡಿದ್ದಳು. ಎರಡು ಕಾಲಿಗೂ ಅರ್ಧ ಗಂಟೆ ಹಿಡಿಯಿತು.

ನಾನು ಬಾಗಿಲ ಹತ್ತಿರ ನಿಂತಿದ್ದೆ ಎಂದು ನನ್ನ ನೆನಪು ಹೇಳುತ್ತದೆ. ಹಾಗಾದರೆ ಅವಳ ಹಿಮ್ಮಡಿ ಒದ್ದಾಡಿದ್ದು ನನ್ನ ಅಂಗೈಗೆ ಹೇಗೆ ಗೊತ್ತು?

ಅವ್ವ ಎದ್ದು ಕೈ ತೊಳೆದುಕೊಂಡು, “ಈಗ ಹೊಂಗೆ ಎಣ್ಣೆ ಹಚ್ಚು,” ಎಂದಳು. ಹಚ್ಚಿದೆ.

ಆಮೇಲೆ ನಂಜೇರಿ ಬಲಗಾಲು ಮೊಣಕಾಲವರೆಗೆ ಊದಿತು. ಆಸ್ಪತ್ರೆಯಲ್ಲಿ ಆ ಉಂಗುರವನ್ನು ಕತ್ತರಿಸಿ ತೆಗೆದರು. ಆ ಬೆರಳಿನ ಉಗುರು ಹೋಯಿತು. ಬೆರಳು ಒಳಕ್ಕೆ ಬಾಗಿ ಹಾಗೆಯೇ ನಿಂತಿತು. ಅವಳು ಮನೆಗೆ ಬಂದ ವಾರಕ್ಕೆ ಅವ್ವ ಹೊಸ ಉಂಗುರ ತಂದು ಪಕ್ಕದ ಬೆರಳಿಗೆ ಹಾಕಿಸಿದಳು. ಗೋಷ್ಠಿಯಲ್ಲಿ ನನ್ನ ಪ್ರಬಂಧ ಎಲ್ಲರಿಗೂ ಇಷ್ಟವಾಯಿತು. ಹಳ್ಳಿಯ ಹೆಂಗಸರ ತಿಳಿವಳಿಕೆಯ ಬಗ್ಗೆ ಒಬ್ಬರು ಪ್ರಾಧ್ಯಾಪಕರು ಎದ್ದು ನಿಂತು ಮಾತಾಡಿದರು.

ಈಗ ನಾನು ಹುಣಸೂರಿನಲ್ಲಿದ್ದೇನೆ. ಮದುವೆಯಾಗಿದೆ, ಕಾಲುಂಗುರವಿದೆ. ಹೋದ ಮಳೆಗಾಲದಲ್ಲಿ ದಿನವೂ ಒದ್ದೆ ಶೂ ಹಾಕಿಕೊಂಡು ಕಾಲೇಜಿಗೆ ಹೋಗಿ ನನ್ನ ಬೆರಳ ಸಂದಿಗೂ ಅದೇ ನವೆ, ಅದೇ ಬಿಳುಪು ಬಂತು. ಅವ್ವನಿಗೆ ಫೋನ್ ಮಾಡಿದೆ. ಅವ್ವ ಸೊಪ್ಪು ತೊಳೆಯುತ್ತಿದ್ದಳಂತೆ. ಅತ್ತಿಗೆ ಸ್ಪೀಕರ್ ಹಾಕಿ ಫೋನ್ ಹಿಡಿದುಕೊಂಡಳು.

ನಾನು ಹೇಳಿ ಮುಗಿಸುವ ಮೊದಲೇ ಅವ್ವ, “ಮೊದ್ಲು ಉಂಗ್ರ ತೆಗದಿಡಮ್ಮಿ,” ಎಂದಳು. “ಅದ್ರ ಅಡೀಲೇ ಕೊಳೆಯಾದು. ಒಣಗುದ್ ಮೇಲೆ ಹೊಂಗೆ ಎಣ್ಣೆ ಹಚ್ಚು.”

“ಇವರಿಗೆ ಏನೂ ಆಗಲ್ವಾ?” ಎಂದೆ. ಯಾಕೆ ಕೇಳಿದೆನೋ. ಅತ್ತಿಗೆಗೆ ಕೇಳಿಸಲಿ ಎಂದೇ ಕೇಳಿದೆನೋ ಏನೋ.

“ಅಯ್ಯೋ, ಎಂಟು ದಿನಕ್ಕೆ ಏನಾದದು, ಬುಡು.”

ನೀರು ಸುರಿಯುವ ಸದ್ದು ಕೇಳಿಸಿತು. ಅವ್ವ ಸೊಪ್ಪಿನ ಪಾತ್ರೆ ತೆಗೆದುಕೊಂಡು ಒಳಗೆ ಹೋಗಿರಬೇಕು. ಆಮೇಲೆ ಅತ್ತಿಗೆಯ ದನಿ ಫೋನಿಗೆ ತೀರಾ ಹತ್ತಿರ ಬಂತು.

“ಉಂಗ್ರ ಮೊದ್ಲಂತೆ,” ಎಂದಳು. “ಬರ್ಕಂಡ್ಯೇನವ್ವ?”

ಎಂಟನೆಯ ದಿನಕ್ಕೆ ನನ್ನ ಕಾಲು ವಾಸಿಯಾಗಿತ್ತು.