ಬದುವಿನ ಮರಕ್ಕೆ ದೋಟಿ

ನಮ್ಮ ಯಜಮಾನರು ಯುದ್ಧದ ವಿಷಯದಲ್ಲಿ ಬಹಳ ಶೂರರು. ಯಾವುದೋ ದೊಡ್ಡ ದೇಶ ಪಕ್ಕದ ಚಿಕ್ಕ ದೇಶದ ನೆಲ ತನ್ನದೆಂದು ನುಗ್ಗಿದ ಸುದ್ದಿ ಟಿವಿಯಲ್ಲಿ ಬಂದರೆ ಕಾಫಿ ಆರಿಹೋದರೂ ಅವರಿಗೆ ಗೊತ್ತಾಗುವುದಿಲ್ಲ. “ಒಂದಿಂಚೂ ಬುಡ್ಬಾರ್ದು ಕಣಮ್ಮಿ. ಇವತ್ತು ಸುಮ್ಕಿದ್ರೆ ನಾಳೆ ರಾಜಧಾನಿಗೇ ಬತ್ತಾನೆ” ಎನ್ನುತ್ತಾರೆ. ಅದೇ ಹೊತ್ತಿಗೆ ನಮ್ಮ ಬದುವಿನ ಹತ್ತಿರ ಪಕ್ಕದ ತೋಟದವನ ಟ್ರ್ಯಾಕ್ಟರ್ ಗುರುಗುಟ್ಟಿದರೆ ಟಿವಿಯ ಸದ್ದು ಜಾಸ್ತಿ ಮಾಡುತ್ತಾರೆ. ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ ಅನ್ನುವ ಗಾದೆ ನನಗೆ ಸರಿಯಾಗಿ ಅರ್ಥವಾದದ್ದು ಮದುವೆಯಾಗಿ ದಂಡಿಗನಹಳ್ಳಿ ಕಡೆಗೆ ಬಂದ ಮೇಲೆ.

ಎಲ್ಲ ಶುರುವಾದದ್ದು ಒಂದು ತೆಂಗಿನ ಮರದಿಂದ. ಎರಡು ತೋಟಗಳ ನಡುವೆ ನಮ್ಮ ಬದುವಿನ ಮೇಲೆ ಮಾವನವರು ನೆಟ್ಟ ಮರ ಅದು. ಪಕ್ಕದವನ ಮಗಳ ಮದುವೆ ಬಂದಾಗ, ಆ ಮರದ ಕಾಯಿ ಕಿತ್ತುಕೋ ಎಂದು ಮಾವನವರೇ ಹೇಳಿದ್ದರು. ಮದುವೆ ಮನೆಗೆ ಕಾಯಿ ಕೊಡುವುದರಲ್ಲಿ ತಪ್ಪೇನಿದೆ? ಮುಂದಿನ ಕೊಯ್ಲಿಗೆ ಅವನು ಕೇಳದೆಯೇ ಕಿತ್ತ. “ಓಗ್ಲಿ ಬುಡು, ಒಂದು ಮರ” ಎಂದರು ಮಾವ. ಅವರು ತೀರಿಕೊಂಡ ಮೇಲೆ ಮಗ ಆ ಮಾತನ್ನು ಪಿತ್ರಾರ್ಜಿತ ಆಸ್ತಿಯ ಹಾಗೆ ಜೋಪಾನ ಮಾಡಿಕೊಂಡು ಬಂದರು. ಆಸ್ತಿಯನ್ನು ಮಾತ್ರ ಜೋಪಾನ ಮಾಡಲಿಲ್ಲ.

ಕೀಳುತ್ತಾ ಕೀಳುತ್ತಾ ಮರ ಅವನದಾಯಿತು. ಮರ ಅವನದಾದ ಮೇಲೆ ಅದು ನಿಂತ ಬದುವೂ ಅವನದಾಗಬೇಕಲ್ಲ. ಪ್ರತಿ ಉಳುಮೆಗೂ ಅವನ ನೇಗಿಲು ಬದುವನ್ನು ಒಂದಿಷ್ಟು ಕೆತ್ತಿತು. ಜೋಡಿ ಎತ್ತು ನಡೆಯುತ್ತಿದ್ದ ಬದು ಕೋಳಿ ನಡೆಯುವಷ್ಟಕ್ಕೆ ಬಂತು. ಕೊನೆಗೆ ಹೋದ ವರ್ಷ ಅವನು ಬದು ದಾಟಿ ಬಂದು ನಮ್ಮ ಮೊದಲ ಸಾಲಿನ ಮರಗಳಿಗೆಲ್ಲ ಸುಣ್ಣದ ಪಟ್ಟೆ ಬಳಿದ. ಹಳೆಯ ಬದು ಇಲ್ಲೇ ಇತ್ತಂತೆ. ಆ ಸಾಲಿನ ಕೊನೆಯಲ್ಲಿ ನಮ್ಮ ಬೋರ್‌ವೆಲ್ ಇದೆ. ತೋಟಕ್ಕೆ, ಹಸುಗಳಿಗೆ, ಒಲೆಯ ಮೇಲಿನ ಪಾತ್ರೆಗೆ ಅದೊಂದೇ ನೀರು.

ಸುಣ್ಣ ನೋಡಿ ಬಂದ ಯಜಮಾನರು ಜಗಲಿಯಲ್ಲಿ ಕುಳಿತು, “ಸಾಲು ಬುಟ್ಬುಡಾನ. ಬೋರ್‌ವೆಲ್ ಮಾತ್ರ ನಮ್ಗಿರ್ಲಿ ಅಂತ ಬಾಯ್ಮಾತಲ್ಲಿ ಒಪ್ಪಿಸ್ಕೊಳ್ಳಾನ” ಎಂದರು. ಚನ್ನರಾಯಪಟ್ಟಣದಲ್ಲಿರುವ ನನ್ನ ಮೈದುನನಿಗೆ ಫೋನ್ ಮಾಡಿದರೆ ಅವನದು ಇನ್ನೊಂದು ರಾಗ: “ಮಚ್ಚು ಇಡ್ಕೊಂಡು ಬತ್ತೀನಿ ಅತ್ತಿಗೆ.” ಒಬ್ಬರು ನೆಲ ಕೊಟ್ಟು ಬರುವವರು, ಇನ್ನೊಬ್ಬ ಜೈಲಿಗೆ ಹೋಗುವವನು. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಮೈದುನನಿಗೆ ಅಲ್ಲೇ ಬಿದ್ದಿರು ಎಂದೆ. ಯಜಮಾನರು ಬೇಡವೆಂದರೂ ಪಟ್ಟಣಕ್ಕೆ ಹೋಗಿ ಸರ್ವೆಗೆ ಅರ್ಜಿ ಕೊಟ್ಟು ಬಂದೆ.

ಸರ್ವೆಯವರು ಬರುವ ಮೊದಲೇ ಕಾಯಿ ಬಲಿತವು. ಮರ ಹತ್ತುವವನನ್ನು ಕರೆಸಿದರೆ, ಬುಡದಲ್ಲಿ ನಿಂತು ತಲೆ ಕೆರೆದುಕೊಂಡ. “ನ್ಯಾಯದಲ್ಲಿರೋ ಮರ ನಾವು ಅತ್ತಾಕಿಲ್ಲ ಕಣಕ್ಕ. ನಾಳೆ ಇಬ್ರೂ ನನ್ನೇ ಕೇಳ್ತೀರಿ” ಎಂದ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ಈ ಕಡೆ ಅದು ನಡೆದುಬಂದ ಕಟ್ಟಳೆ. ನಾನೇ ಎರಡು ಬಿದಿರು ಸೇರಿಸಿ, ತುದಿಗೆ ಕುಡುಗೋಲು ಕಟ್ಟಿ ದೋಟಿ ಮಾಡಿದೆ. ಆ ಮರ ಅಷ್ಟೇನೂ ಎತ್ತರವಿಲ್ಲ. ನಡುಮಧ್ಯಾಹ್ನ, ಎಲ್ಲರೂ ಓಡಾಡುವ ಹೊತ್ತಿಗೆ, ಸೆರಗು ಸಿಕ್ಕಿಸಿ ಬದುವಿನ ಮರಕ್ಕೇ ಮೊದಲು ದೋಟಿ ಹಾಕಿದೆ.

ಪಕ್ಕದವನು ಓಡಿ ಬಂದ. “ಯಾರ ಮರಕ್ಕೆ ಕೈ ಆಕಿದ್ದೀಯ?”

“ನಮ್ಮ ಮಾವನ ಮರಕ್ಕೆ.”

“ಇಷ್ಟು ವರ್ಷ ನಾನಲ್ವಾ ಕಿತ್ತಿರೋದು?”

“ಇಷ್ಟು ವರ್ಷ ನಾವು ಕೊಟ್ಟಿದ್ದು. ಇವತ್ತಿಂದ ಕೊಡಾಕಿಲ್ಲ.”

ಅವನು ಹೆದರಿಸಿದ, ಕೂಗಾಡಿದ, ಊರಿನ ಹಿರಿಯರನ್ನು ಕರೆತಂದ. ನಾನು ಬಿದ್ದ ಕಾಯಿಗಳನ್ನು ಒಂದೊಂದೇ ಎಣಿಸಿ ಮಂಕರಿಗೆ ತುಂಬಿದೆ. ಹಿರಿಯರು ನ್ಯಾಯ ಹೇಳಿದರು: ಇಬ್ಬರದೂ ಬೇಡ, ಸಾಲನ್ನು ಅರ್ಧ ಅರ್ಧ ಮಾಡಿಕೊಳ್ಳಿ. ಕೇಳಲು ಎಷ್ಟು ಚೆನ್ನಾಗಿದೆ! ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು.

“ಆಗ್ಲಿ. ನಮ್ಮ ತ್ವಾಟದ ಮೊದಲ್ನೇ ಸಾಲಲ್ಲಿ ಅರ್ಧ ಅವ್ರಿಗೆ. ಅವ್ರ ತ್ವಾಟದ ಮೊದಲ್ನೇ ಸಾಲಲ್ಲಿ ಅರ್ಧ ನಮ್ಗೆ” ಎಂದೆ. ಹಿರಿಯರು ಅವನ ಮುಖ ನೋಡಿದರು. ಅವನು ಆಕಾಶ ನೋಡಿದ.

“ಸರ್ವೆಯಲ್ಲಿ ಅವ್ರದ್ದು ಅಂತ ಬಂದ್ರೆ ಈ ಕೈಯಿಂದ್ಲೇ ಬುಟ್ಟುಕೊಡ್ತೀನಿ. ಎದರ್ಕೊಂಡು ಕೊಡಾಕಿಲ್ಲ” ಎಂದು ದೋಟಿ ಎತ್ತಿದೆ. ಹಿರಿಯರು ಸರಿದು ನಿಂತರು, ಕಾಯಿ ತಲೆಯ ಮೇಲೆ ಬೀಳಬಾರದಲ್ಲ.

ಇದಕ್ಕೆ ಬೆಲೆ ತೆರಲಿಲ್ಲವೆಂದಲ್ಲ. ಅವನ ಹೆಂಡತಿ ನನ್ನ ಗೆಳತಿ, ನನ್ನ ಬಾಣಂತನದಲ್ಲಿ ನೀರು ಕಾಯಿಸಿ ಹಾಕಿದವಳು. ಈಗ ಡೇರಿಯ ಹತ್ತಿರ ಎದುರಾದರೆ ಹಾಲಿನ ಕ್ಯಾನ್ ನೋಡುತ್ತಾ ಹೋಗುತ್ತಾಳೆ. ನನಗೆ ಬಹಳ ಬೇಜಾರಾಗುತ್ತದೆ. ಹಾಗೆಂದು ಬೋರ್‌ವೆಲ್ ಬಿಟ್ಟುಕೊಟ್ಟು ಅವಳ ನಗು ಕೊಂಡುಕೊಳ್ಳಲಾರೆ.

ಸರ್ವೆಯವರು ಇನ್ನೂ ಬಂದಿಲ್ಲ. ಮೊನ್ನೆ ಪಕ್ಕದವನು ಯಜಮಾನರ ಹತ್ತಿರ ಹೇಳಿಕಳಿಸಿದ: ಸಾಲಿನ ತಂಟೆಗೆ ಬರುವುದಿಲ್ಲ, ಬದುವಿನ ಮರ ಒಂದನ್ನು ಮೊದಲಿನ ಹಾಗೆ ಬಿಟ್ಟುಬಿಡಿ, ಅಷ್ಟೆ. ಯಜಮಾನರು ಅದನ್ನು ನನಗೆ ಹೇಳಿ ಟಿವಿಯ ಮುಂದೆ ಕುಳಿತರು. ಒಂದು ಮರ ಎಂದು ಶುರುವಾಗಿ ಎಲ್ಲಿಗೆ ಬಂತೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಟಿವಿಯಲ್ಲಿ ಯಾರೋ ಒಬ್ಬರು, ಸ್ವಲ್ಪ ನೆಲ ಕೊಟ್ಟು ಶಾಂತಿ ಮಾಡಿಕೊಳ್ಳುವುದು ಲೇಸು ಎನ್ನುತ್ತಿದ್ದರು. ಯಜಮಾನರು ಬಯ್ಯಲು ಬಾಯಿ ತೆರೆದರು. ನನ್ನ ಕಡೆ ನೋಡಿ ಮುಚ್ಚಿಕೊಂಡರು.

ಆಮೇಲೆ ಟಿವಿ ಆರಿಸಿ, “ದೋಟಿ ಎಲ್ಲಿಟ್ಟಿದ್ದೀಯ?” ಎಂದು ಕೇಳಿದರು.

ನಾನು ಕಾಯಿ ತುಂಬಲು ಮಂಕರಿ ಹಿಡಿದು ಅವರ ಹಿಂದೆ ಹೋದೆ. ಪಕ್ಕದವನು ತನ್ನ ತೋಟದಲ್ಲಿ ನಿಂತು ನೋಡುತ್ತಿದ್ದ. ಬದುವಿನ ಮೇಲೆ ಯಜಮಾನರ ಕೈಯಲ್ಲಿ ಬಿದಿರು ಕಂಡಾಪಟ್ಟೆ ಅಲುಗಾಡುತ್ತಿತ್ತು, ಕುಡುಗೋಲು ಗೊನೆಗೆ ಸಿಕ್ಕದೆ ಗರಿಗೆ ಸಿಕ್ಕಿತು. ಅವರು ಬದು ಬಿಟ್ಟು ಇಳಿಯಲಿಲ್ಲ. ಮತ್ತೆ ಎತ್ತಿದರು.