ಮಂಚಯ್ಯ ಮೇಸ್ತ್ರಿಗೆ ಬಾರದ ಕೆಲಸ

ಬೆಟ್ಟದಪುರದ ಸುತ್ತ ಹೊಗೆಸೊಪ್ಪನ್ನು ಶಾಖದಲ್ಲಿ ಬೇಯಿಸುವ ಬ್ಯಾರನ್ ಮನೆ ಕಟ್ಟಿಸಬೇಕೆಂದರೆ ಜನ ಮೊದಲು ಹುಡುಕುವುದು ಮಂಚಯ್ಯ ಮೇಸ್ತ್ರಿಯನ್ನು. ಬ್ಯಾರನ್ನಿನ ಗೋಡೆ ಬೆರಳಷ್ಟು ವಾಲಿದರೂ ಬಿರುಕು ಬಿಟ್ಟು ಶಾಖ ಸೋರುತ್ತದೆ, ಸೊಪ್ಪು ಕೆಡುತ್ತದೆ. ನಲವತ್ತು ವರ್ಷದಲ್ಲಿ ಮಂಚಯ್ಯನ ಒಂದೇ ಒಂದು ಗೋಡೆ ವಾಲಿಲ್ಲ. ಈ ವಿಚಾರದಲ್ಲಿ ಅವನಿಗೆ ತುಸು ಸೊಕ್ಕಿದೆ. ಇರಲಿ ಬಿಡಿ, ಸೊಕ್ಕಲು ಅವನ ಬಳಿ ಬೇರೇನೂ ಇಲ್ಲ. ಮದುವೆ ಮನೆಯಲ್ಲೂ ಊಟಕ್ಕೆ ಕೂರುವ ಮೊದಲು ಒಂದು ಕಣ್ಣು ಮುಚ್ಚಿ ಚಪ್ಪರದ ಕಂಬ ನೋಡುವ ಆಸಾಮಿ ಅವನು.

ಇಂಥವನ ಮನೆಗೆ ಹೋದ ವರ್ಷ ನೀಲಕಂಠಸ್ವಾಮಿ ಬಂದರು. ಹನಗೋಡು ರಸ್ತೆಯ ತಮ್ಮ ತೋಟದಲ್ಲಿ ಜಗತ್ತಿನ ಅದ್ಭುತಗಳ ಪಾರ್ಕು ಮಾಡಲು ಹೊರಟವರು ಅವರು. ತಾಜಮಹಲು ಮುಗಿದಿತ್ತು, ಪಿರಮಿಡ್ಡಿಗೆ ಬಣ್ಣ ಹೊಡೆದಾಗಿತ್ತು, ಐಫೆಲ್ ಗೋಪುರವನ್ನು ಹುಣಸೂರಿನ ವೆಲ್ಡಿಂಗ್ ಹಬೀಬ್ ಕಿಟಕಿ ಸರಳಿನಲ್ಲೇ ಎಬ್ಬಿಸಿ ನಿಲ್ಲಿಸಿದ್ದ. ಉಳಿದದ್ದು ಇಟಲಿಯ ಪೀಸಾ ಗೋಪುರ. ಅವರು ಫೋನಿನಲ್ಲಿ ಚಿತ್ರ ತೋರಿಸಿದಾಗ ಮಂಚಯ್ಯ ಅವರ ಕೈ ಹಿಡಿದು ಫೋನನ್ನು ತುಸು ಓರೆ ಮಾಡಿದ.

"ಈಗ ಸರಿಯಾಗ್ ಕಾಣ್ತದೆ ಕಣ್ರೀ. ನೀವು ಫೋನ್ ಸೊಟ್ಟ ಹಿಡ್ಕಂಡಿದ್ರಿ."

"ಫೋನಲ್ಲ ಮೇಸ್ತ್ರಿ, ಗೋಪುರವೇ ಸೊಟ್ಟ. ತಳ ಕುಸಿದು ಎಂಟುನೂರು ವರ್ಷದಿಂದ ಅಂಗೇ ನಿಂತದೆ. ಜನ ಟಿಕೆಟ್ ತಕ್ಕಂಡು ಒಳೀಕೋಗಿ, ಅದನ್ನ ತಳ್ಳೋ ಅಂಗೆ ಕೈ ಚಾಚ್ಕಂಡು ಫೋಟೋ ಹೊಡಿಸ್ಕತಾರೆ."

ಮಂಚಯ್ಯ ಅವರ ಕೈ ಬಿಟ್ಟ. "ಎಂಟುನೂರು ವರ್ಷದಿಂದ ಆ ಮೇಸ್ತ್ರಿ ಮಾನ ಕಳೀತಾವ್ರಲ್ಲ! ಅವನ ಮೊಮ್ಮಕ್ಕಳಾದ್ರೂ ಹೋಗಿ ಕೆಡವಿಬುಡಬಾರ್ದಿತ್ತಾ?"

ಒಲ್ಲೆನೆಂದರೆ ಕೆಲಸ ಪಿರಿಯಾಪಟ್ಟಣದ ಗುರುಸ್ವಾಮಿ ಮೇಸ್ತ್ರಿಗೆ ಹೋಗುತ್ತದೆ, ಮಂಚಯ್ಯನ ಕೈಲಾಗಲಿಲ್ಲ ಎಂದು ಊರೆಲ್ಲ ಮಾತಾಗುತ್ತದೆ. ಒಪ್ಪಿಕೊಂಡರೆ ಬಸ್ಸಿನಲ್ಲಿ ಹೋಗುವವರೆಲ್ಲ ಇಣುಕಿ, ಯಾವನಪ್ಪಾ ಇದನ್ನು ಕಟ್ಟಿದ್ದು ಎಂದು ನಗುತ್ತಾರೆ. ಹೇಗಾದರೂ ಹೆಸರು ಹೋಗುವುದೇ. ಮೂರು ದಿನ ಸರಿಯಾಗಿ ಮುದ್ದೆ ಇಳಿಯಲಿಲ್ಲ. ನಾಲ್ಕನೆಯ ದಿನ ಒಪ್ಪಿಕೊಂಡ.

ಮೊದಲ ದಿನ ಓರೆಯಾಗಿ ಕಟ್ಟಿದ್ದನ್ನು ಸಂಜೆ ನೋಡಲಾರದೆ ಅವನೇ ಕೆಡವಿದ. ಮರುದಿನವೂ ಅದೇ ಕತೆ. ಗಾರೆ ಕಲಸುತ್ತಿದ್ದ ಹೆಂಡತಿ ಚಿಕ್ಕಸಿದ್ದಮ್ಮನಿಗೆ ರೇಗಿಹೋಯಿತು. "ಕಣ್ಣಿಗೆ ಬಟ್ಟೆ ಕಟ್ಕಂಡ್ ಕಟ್ಟು, ಆಗ ತಾನೇ ಸೊಟ್ಟ ಬತ್ತದೆ" ಎಂದು ತನ್ನ ತಲೆವಸ್ತ್ರ ಕೊಟ್ಟಳು. ಕಟ್ಟಿಕೊಂಡು ನಾಲ್ಕು ವರಸೆ ಇಟ್ಟಿಗೆ ಇಟ್ಟ. ಬಿಚ್ಚಿ ನೋಡಿದರೆ ಗೋಡೆ ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ.

"ಬುಡು, ಆ ಇಟಲಿಯೋನು ಕಟ್ಬೇಕು ಅಂದ್ಕಂಡಿದ್ದೂ ಇಂಗೇ ತಾನೇ" ಎಂದ ಮಂಚಯ್ಯ. ಸತ್ತ ಮೇಸ್ತ್ರಿಯೊಬ್ಬನ ಮಾನ ಉಳಿಸಿದೆನೆಂಬ ಸಂತೋಷದಲ್ಲಿ ಎಂಟು ಅಂತಸ್ತನ್ನೂ ಎಬ್ಬಿಸಿದ. ನೀಲಕಂಠಸ್ವಾಮಿ ಬಂದಾಗಲೆಲ್ಲ ಸುತ್ತ ಸಾರುವೆ, ಅದರ ಮೇಲೆ ಟಾರ್ಪಾಲು. ಅವರಿಗೆ ಏನೂ ಗೊತ್ತಾಗಲಿಲ್ಲ.

ಉದ್ಘಾಟನೆಯ ದಿನ ಟಾರ್ಪಾಲು ಇಳಿಯಿತು. ಗೋಪುರ ಅಟೆನ್ಷನ್‌ನಲ್ಲಿ ನಿಂತಿತ್ತು. ನೀಲಕಂಠಸ್ವಾಮಿಯ ಮುಖ ಕಪ್ಪಿಟ್ಟಿತು, ಬಾಯಿಂದ ಮಾತು ಹೊರಡುವ ಮೊದಲೇ ಜನ ನುಗ್ಗಿದರು. ಮನೆಯಿಂದ ಹೊರಡುವಾಗಲೇ ತಳ್ಳಬೇಕೆಂದು ಬಂದವರು, ತಳ್ಳದೆ ಬಿಟ್ಟಾರೆಯೇ? ಕೈ ಚಾಚಿ ನಿಂತರು, ಹಲ್ಲು ಕಚ್ಚಿ ತಿಣುಕಿದರು. ಫೋಟೋ ನೋಡಿದರೆ ಇವರೇ ತಳ್ಳಿ ಗೋಪುರವನ್ನು ಸರಿಪಡಿಸಿದಂತಿತ್ತು. "ನಾನ್ ತಳ್ಳಿದ್ದಕ್ಕೇ ಕಣ್ಲಾ ನೆಟ್ಟಗಾಗಿದ್ದು!" ಎಂದು ಒಬ್ಬ ಕೂಗಿದ. ಅಲ್ಲ, ತಾನೆಂದು ಇನ್ನೊಬ್ಬ ಜಗಳಕ್ಕೆ ನಿಂತ. ಸಾಲು ಪಿರಮಿಡ್ಡಿನವರೆಗೂ ಬೆಳೆಯಿತು. ನೀಲಕಂಠಸ್ವಾಮಿ ಬೈಗುಳ ನುಂಗಿಕೊಂಡು ಇನ್ನೊಂದು ಟಿಕೆಟ್ ಪುಸ್ತಕ ತರಿಸಿದರು.

ಒಗೆದ ಅಂಗಿ ತೊಟ್ಟ ಮಂಚಯ್ಯ ಮಧ್ಯಾಹ್ನದವರೆಗೂ ಗೋಪುರದ ಪಕ್ಕದಲ್ಲೇ ನಿಂತಿದ್ದ. ಕಟ್ಟಿದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಯಾರೂ ಕೇಳದಿರಲಿ ಎಂದು ತಾನೇ ಬಯಸಿದ್ದವನಿಗೆ, ಈಗ ಯಾರೂ ಕೇಳುತ್ತಿಲ್ಲವಲ್ಲ ಎಂದು ತುಂಬ ನೋವಾಯಿತು. ಕೊನೆಗೆ ತಡೆಯಲಾರದೆ, ತಳ್ಳಿ ತಳ್ಳಿ ಬೆವತಿದ್ದ ಒಬ್ಬ ಹೆಂಗಸಿನ ಹತ್ತಿರ ಹೋಗಿ, "ಇದನ್ನ ಕಟ್ಟಿದ್ದು ನಾನು ಕಣವ್ವ" ಎಂದ.

ಆಕೆ ಗೋಪುರ ನೋಡಿದಳು, ಅವನನ್ನು ನೋಡಿದಳು. "ಅಯ್ಯೋ, ನೀವಾ? ಇದು ವಾಲ್ಕಂಡಿರ್ಬೇಕಲ್ವಾ ಯಜಮಾನ್ರೇ? ಅಂಗೆ ಕಟ್ಟಕ್ಕೆ ಬರ್ಲಿಲ್ವಾ ನಿಮ್ಗೆ?"

"ಇಲ್ಲ ಕಣವ್ವ" ಎಂದ ಮಂಚಯ್ಯ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. "ಎಷ್ಟ್ ಕಷ್ಟ ಪಟ್ರೂ ಬರ್ಲೇ ಇಲ್ಲ."